ಮೀಟರ್ ಹಾಕಿಸಿದ್ರೆ ಸಾಲದು, ಮುಳ್ಳು ಓದೋದನ್ನೂ ಹೇಳಿಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಹನ ಪುಟ ನಾನು ತಪ್ಪಿಸೋದಿಲ್ಲ. ಹೊಸ ಕಾರು ಬಂತು, ಅದಕ್ಕೆ ಇಷ್ಟು ಇಂಚಿನ ಸ್ಕ್ರೀನು, ಸನ್‌ರೂಫು, ಇಷ್ಟು ಮೈಲೇಜು ಅಂತ ಚೆನ್ನಾಗೇ ಬರ್ತಾ ಇರುತ್ತೆ, ಆದ್ರೆ ಹತ್ತು ಹದಿನೈದು ವರ್ಷದ ಹಳೇ ಗಾಡಿ ಇಟ್ಕೊಂಡು ಘಾಟಿ ಹತ್ತಿ ಇಳಿಯೋ ನಮ್ಮಂಥವರಿಗೆ ಬೇಕಾದ ಒಂದು ವಿಷಯ ಮಾತ್ರ ಎಲ್ಲೂ ಕಾಣ್ತಿಲ್ಲ, ಅದಕ್ಕೇ ಈ ಪತ್ರ. ಈಗ ನಮ್ಮ ಕಡೆ ಬಹಳ ಜನ ಹೊರಗಡೆಯಿಂದ ಇಂಜಿನ್ನಿನ ನೀರಿನ ಬಿಸಿ ತೋರಿಸೋ ಹೀಟ್ ಮೀಟರು, ಆಯಿಲ್ಲಿನ ಒತ್ತಡ ತೋರಿಸೋ ಆಯಿಲ್ ಪ್ರೆಶರ್ ಮೀಟರು ತಂದು ಡ್ಯಾಶ್‌ಬೋರ್ಡಿಗೆ ಹಾಕಿಸ್ಕೊಳ್ತಿದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತೆ, ಆನ್‌ಲೈನಲ್ಲಿ ತರಿಸಿದ್ರೆ ಮನೆಗೇ ಬರುತ್ತೆ. ಹಾಕಿಸೋದು ಒಳ್ಳೇದೇ, ನಾನಂತೂ ಹಾಕಿಸಿ ಅಂತಾನೇ ಹೇಳೋನು. ಆದ್ರೆ ಹಾಕೋರು ಅದನ್ನ ಹೇಗೆ ಓದ್ಬೇಕು ಅಂತ ಹೇಳಲ್ಲ, ಹಾಕಿಸ್ಕೊಳ್ಳೋರು ಕೇಳಲ್ಲ. ಆಮೇಲೆ ಏನಾಗುತ್ತೆ ಅಂದ್ರೆ ಮುಳ್ಳು ಒಂಚೂರು ಅಲ್ಲಾಡಿದ್ರೆ ಗಾಬರಿಬಿದ್ದು ಚೆನ್ನಾಗಿರೋ ಇಂಜಿನ್ನನ್ನ ಬಿಚ್ಚಿಸ್ತಾರೆ, ಇಲ್ಲಾಂದ್ರೆ ನಿಜವಾಗ್ಲೂ ತೊಂದರೆ ತೋರಿಸ್ತಿರೋವಾಗ "ಅದು ಲೋಕಲ್ ಮೀಟರು ಬಿಡಪ್ಪ" ಅಂತ ಓಡಿಸ್ಕೊಂಡು ಹೋಗಿ ಇಂಜಿನ್ ಸೀಜ್ ಮಾಡ್ಕೊಳ್ತಾರೆ. ಎರಡನ್ನೂ ನೋಡಿ ನೋಡಿ ಬೇಜಾರಾಗಿದೆ.

ಕಂಪನಿಯವರೇ ಕೊಟ್ಟ ಮೀಟರ್ ಇರೋವಾಗ ಇನ್ನೊಂದು ಯಾಕೆ ಅಂತ ಕೇಳ್ತಾರೆ. ಹಳೇ ವಿಲ್ಲೀಸ್ ಜೀಪಿನಲ್ಲಿ ಆಂಪಿಯರ್, ಆಯಿಲ್ ಪ್ರೆಶರ್, ಹೀಟು, ಪೆಟ್ರೋಲು ಹೀಗೆ ಒಂದೊಂದಕ್ಕೂ ಒಂದೊಂದು ಮೀಟರು ಕಂಪನಿಯಿಂದಾನೇ ಬರ್ತಿತ್ತು. ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಹೀಟ್ ಮೀಟರೇ ಇಲ್ಲ, ತಣ್ಣಗಿದ್ರೆ ನೀಲಿ ದೀಪ, ಸುಟ್ಟುಹೋಗೋ ಹೊತ್ತಿಗೆ ಕೆಂಪು ದೀಪ, ಮಧ್ಯದಲ್ಲಿ ಏನಾಗ್ತಿದೆ ಅಂತ ಗೊತ್ತಾಗೋಕೆ ದಾರೀನೇ ಇಲ್ಲ. ಮುಳ್ಳು ಇರೋ ಕಾರುಗಳಲ್ಲೂ ಎಷ್ಟೋ ಕಡೆ ಅದನ್ನ ಬೇಕಂತಲೇ ಮಧ್ಯಕ್ಕೆ ಕಟ್ಟಿಹಾಕಿರ್ತಾರೆ, ನೀರು 80 ಡಿಗ್ರಿ ಇದ್ರೂ ಮಧ್ಯ, 100 ಡಿಗ್ರಿ ಇದ್ರೂ ಮಧ್ಯ, ಅದು ಮೇಲಕ್ಕೆ ಹೊರಡೋ ಹೊತ್ತಿಗೆ ನಮ್ಮ ಕೈಲಿ ಉಳಿದಿರೋದು ಒಂದೆರಡು ನಿಮಿಷ ಅಷ್ಟೇ. ಆಯಿಲ್ ದೀಪದ್ದು ಇನ್ನೂ ಕಷ್ಟ. ಅದರ ಸ್ವಿಚ್ ಸಾಮಾನ್ಯವಾಗಿ ಪ್ರೆಶರ್ 0.3ರಿಂದ 0.5 ಬಾರ್ (ಬಾರ್, ಪಿಎಸ್‌ಐ ಎರಡೂ ಒತ್ತಡದ ಅಳತೆ) ಒಳಗೆ, ಅಂದ್ರೆ ಐದು ಏಳು ಪಿಎಸ್‌ಐಗೆ ಇಳಿದಾಗ ಮಾತ್ರ ದೀಪ ಹಚ್ಚುತ್ತೆ. ಹೈವೇನಲ್ಲಿ ಮೂರು ನಾಲ್ಕು ಬಾರ್ ಇರಬೇಕಾದ ಇಂಜಿನ್ ಒಂದು ಬಾರಿಗೆ ಬಂದ್ರೂ ದೀಪ ಹತ್ತಲ್ಲ, ಬೇರಿಂಗ್ ಮಾತ್ರ ಒಳಗೆ ಸವೀತಾ ಇರುತ್ತೆ.

ಹಾಗಾಗಿ ಮೀಟರ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಡಯಲ್ ಮೇಲಿರೋ ನಂಬರ್ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು. ಆ ನಂಬರ್ ಎಲ್ಲಿಂದ ಬರ್ತಿದೆ, ನಿಮ್ಮ ಗಾಡಿಗೆ ಮಾಮೂಲಿ ಎಷ್ಟು, ಆಗ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂನಲ್ಲಿತ್ತು, ಇವಿಷ್ಟು ಗೊತ್ತಿದ್ರೆ ಮಾತ್ರ ಅದಕ್ಕೆ ಅರ್ಥ.

ನಮ್ಮ ಊರಿನ ಪರಿಚಯದವರೊಬ್ಬರ ಡೀಸೆಲ್ ಜೀಪಿನ ಕಥೆ ಹೇಳ್ತೀನಿ. ಹೊಸದಾಗಿ ಆಯಿಲ್ ಪ್ರೆಶರ್ ಮೀಟರ್ ಹಾಕಿಸಿದ್ರು, 0ರಿಂದ 5 ಬಾರ್ ಡಯಲ್ಲು. ಗಾಡಿ ಬಿಸಿಯಾದ ಮೇಲೆ ಓಡೋವಾಗ ಒಂದೂಮುಕ್ಕಾಲು ತೋರಿಸೋದು, ಸ್ಲೋ ಸ್ಪೀಡಲ್ಲಿ ನಿಲ್ಲಿಸಿದ್ರೆ ಅರ್ಧದ ಹತ್ತಿರ. ಪೇಟೆಯ ಒಂದು ಗ್ಯಾರೇಜಿನಲ್ಲಿ ತೋರಿಸಿದ್ರೆ ಮೀಟರ್ ನೋಡಿದ ತಕ್ಷಣ "ಬೇರಿಂಗ್ ಹೋಗಿದೆ, ಆಯಿಲ್ ಪಂಪೂ ಹಾಕ್ಬೇಕು, ಇಂಜಿನ್ ಇಳಿಸ್ಬೇಕು" ಅಂದ್ರಂತೆ. ಅವರು ದುಡ್ಡು ಹೊಂದಿಸೋಕೆ ಓಡಾಡ್ತಿದ್ರು. ಪುಣ್ಯಕ್ಕೆ ನಮ್ಮೂರಲ್ಲಿ ಒಬ್ಬರು ಹಳೇ ಡೀಸೆಲ್ ಮೇಸ್ತ್ರಿ ಇದಾರೆ. ಅವರು ಮೊದಲು ಮಾಡಿದ್ದು ಒಂದೇ ಕೆಲಸ, ಇಂಜಿನ್ನಿಗೆ ಹಾಕಿರೋ, ಮೀಟರಿಗೆ ಅಳತೆ ಕಳಿಸೋ ಸೆಂಡರ್ ಬಿಚ್ಚಿ ಅದೇ ತೂತಿಗೆ ತಮ್ಮ ಹತ್ರ ಇದ್ದ ತಾಮ್ರದ ಪೈಪಿನ ಮೆಕ್ಯಾನಿಕಲ್ ಗೇಜ್ ಸಿಕ್ಕಿಸಿ ಗಾಡಿ ಸ್ಟಾರ್ಟ್ ಮಾಡಿಸಿದ್ರು. ಬಿಸಿ ಇಂಜಿನ್ನಿಗೆ ರೇಸ್ ಕೊಟ್ಟಾಗ ಮೂರೂವರೆ ಹತ್ತಿರ, ಬಿಟ್ಟಾಗ ಒಂದರ ಮೇಲೆ. ಆಮೇಲೆ ಬಿಚ್ಚಿದ ಸೆಂಡರನ್ನ ಬನಿಯನ್ ಬಟ್ಟೆಯಲ್ಲಿ ಒರೆಸಿ ಕನ್ನಡಕ ಹಾಕ್ಕೊಂಡು ತಿರುಗಿಸಿ ನೋಡಿದ್ರೆ ಅದರ ಹಿತ್ತಾಳೆ ಸುತ್ತಿನ ಮೇಲೆ ಸಣ್ಣದಾಗಿ 0-10 ಬಾರ್ ಅಂತ ಒತ್ತಿತ್ತು. ಡಯಲ್ಲು ಐದರದ್ದು, ಸೆಂಡರು ಹತ್ತರದ್ದು. "ಇಂಜಿನ್ ಚೆನ್ನಾಗೇ ಇದೆ ಮಾರಾಯ್ರೇ, ಈ ಡಯಲ್ಲಿಗೆ ಈ ಸೆಂಡರ್ ಅಲ್ಲ" ಅಂದ್ರು ಅಷ್ಟೇ.

ಇದು ಯಾಕೆ ಹೀಗಾಗುತ್ತೆ ಅಂದ್ರೆ, ಎಲೆಕ್ಟ್ರಿಕ್ ಮೀಟರಿನೊಳಗೆ ಪ್ರೆಶರ್ ಬರೋದೇ ಇಲ್ಲ, ಬರೋದು ಬರೀ ಕರೆಂಟು. ಸೆಂಡರ್ ತನ್ನ ರೆಸಿಸ್ಟೆನ್ಸ್ ಬದಲಾಯಿಸುತ್ತೆ, ಡಯಲ್ ಅದನ್ನ ಮುಳ್ಳಾಗಿ ತೋರಿಸುತ್ತೆ. ಒಂದು ಜಾತಿಯ ಸೆಂಡರ್‌ಗಳಲ್ಲಿ ಪ್ರೆಶರ್ ಇಲ್ಲದಾಗ ಸುಮಾರು 10 ಓಮ್, ಪೂರ್ತಿ ಪ್ರೆಶರಿಗೆ ಸುಮಾರು 180 ಓಮ್. ಐದು ಬಾರಿನದ್ದಕ್ಕೂ ಅದೇ, ಹತ್ತು ಬಾರಿನದ್ದಕ್ಕೂ ಅದೇ, ಹಾಗಾಗಿ ಐದರ ಡಯಲ್ಲಿಗೆ ಹತ್ತರ ಸೆಂಡರ್ ಹಾಕಿದ್ರೂ ಮೀಟರ್ ಕೆಲಸ ಮಾಡುತ್ತೆ, ಮುಳ್ಳು ಏರುತ್ತೆ ಇಳಿಯುತ್ತೆ, ಆದ್ರೆ ತೋರಿಸೋದು ಹೆಚ್ಚುಕಮ್ಮಿ ಅರ್ಧ. ಅಮೆರಿಕದ ಮೀಟರುಗಳದ್ದು ಇನ್ನೊಂದು ಲೆಕ್ಕ, ಅಲ್ಲಿ ಪ್ರೆಶರ್ ಇಲ್ಲದಾಗ 240, ಪೂರ್ತಿಗೆ 33 ಓಮ್, ಅಂದ್ರೆ ಪೂರಾ ಉಲ್ಟಾ. ಸೆಂಡರ್ ಹಾಳಾಯ್ತು ಅಂತ ಅಂಗಡಿಯಲ್ಲಿ ಥ್ರೆಡ್ ಕೂತ್ಕೊಳ್ಳೋ ಯಾವುದೋ ಒಂದನ್ನ ಕೊಟ್ರೆ ತಗೊಂಡು ಬರೋದಲ್ಲ, ಡಯಲ್ಲಿಗೆ ಜೊತೆಯಾದದ್ದೇ ಬೇಕು. ಥ್ರೆಡ್ಡಿನಲ್ಲೂ ಇದೇ ಪಾಡು, ಜಪಾನ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರೋ 1/8 ಬಿಎಸ್‌ಪಿಟಿ ಥ್ರೆಡ್ಡಿಗೆ ಇಂಚಿಗೆ 28 ಸುತ್ತು, ಅಮೆರಿಕದ 1/8 ಎನ್‌ಪಿಟಿಗೆ 27 ಸುತ್ತು. ನೋಡೋಕೆ ಒಂದೇ ಥರ, ಮೊದಲ ಎರಡು ಸುತ್ತು ಸಲೀಸಾಗೂ ಹೋಗುತ್ತೆ, ಆಮೇಲೆ ಪಾನಾ ಹಾಕಿ ಬಲವಂತ ಮಾಡಿದ್ರೆ ಅಲ್ಯೂಮಿನಿಯಂ ಹೌಸಿಂಗ್ ಸೀಳುತ್ತೆ.

ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ಕೀ ಆನ್ ಮಾಡಿ ಒಂದು ಸಲ ಎರಡೂ ಮುಳ್ಳು ನೋಡಿ, ಇದಕ್ಕೆ ಖರ್ಚೇ ಇಲ್ಲ. ಆಯಿಲ್ ಮುಳ್ಳು ಸೊನ್ನೆಯಲ್ಲಿರ್ಬೇಕು, ಇಂಜಿನ್ ತಣ್ಣಗಿದ್ರೆ ಹೀಟ್ ಮುಳ್ಳು ಕೆಳಗಿನ ತುದಿಯಲ್ಲಿರ್ಬೇಕು. ಇಂಜಿನ್ನೇ ಸ್ಟಾರ್ಟ್ ಆಗಿಲ್ಲ, ಆದ್ರೂ ಆಯಿಲ್ ಮುಳ್ಳು ಫುಲ್ ತೋರಿಸ್ತಿದ್ರೆ ಮೊದಲು ಹೇಳಿದ ಜಾತಿಯ ಸೆಂಡರಿನಲ್ಲಿ ವೈರ್ ಕಿತ್ತಿದೆ ಅಂತ ಅರ್ಥ. ಹೀಟ್ ಸೆಂಡರ್ ಇದಕ್ಕೆ ಉಲ್ಟಾ, ಅದು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಕಮ್ಮಿ ಆಗುತ್ತೆ, ಹಾಗಾಗಿ ಅದರ ವೈರ್ ಕಿತ್ರೆ ಇಂಜಿನ್ ಬೆಂದುಹೋಗ್ತಿದ್ರೂ ಮುಳ್ಳು ತಣ್ಣಗೆ ಮಲಗಿರುತ್ತೆ, ವೈರ್ ಬಾಡಿಗೆ ತಾಗಿದ್ರೆ ತಣ್ಣಗಿರೋ ಇಂಜಿನ್ನಿಗೇ ಫುಲ್ ಹೀಟ್ ತೋರಿಸುತ್ತೆ. ಇನ್ನೊಂದು ನೋಡಿ, ರಾತ್ರಿ ಹೆಡ್‌ಲೈಟ್ ಹಾಕಿದ ತಕ್ಷಣ ಹೀಟ್ ಮುಳ್ಳು ಜಗ್ಗಿದ್ರೆ, ಇಂಡಿಕೇಟರ್ ಮಿಣುಕಿದ ಹಾಗೇ ಮುಳ್ಳೂ ಕುಣಿದ್ರೆ, ಅದು ಇಂಜಿನ್ ತೊಂದರೆ ಅಲ್ಲವೇ ಅಲ್ಲ, ಅರ್ಥಿಂಗ್ ಸರಿ ಇಲ್ಲ. ನೀರು ಅಷ್ಟು ಬೇಗ ಬಿಸಿಯಾಗಿ ತಣ್ಣಗಾಗೋಕೆ ಸಾಧ್ಯವೇ ಇಲ್ಲ. ಒಂದೇ ವೈರಿನ ಸೆಂಡರುಗಳಿಗೆ ಇಂಜಿನ್ ಬಾಡಿಯೇ ಅರ್ಥ್, ಥ್ರೆಡ್ಡಿಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತಿದ್ರೆ ಅಥವಾ ಸೆಂಡರನ್ನ ರಬ್ಬರ್ ಹೋಸ್ ಮಧ್ಯದಲ್ಲಿ ಅಡಾಪ್ಟರ್ ಹಾಕಿ ಕೂರಿಸಿದ್ರೆ ಆ ಅರ್ಥ್ ಹೋಯ್ತು, ಬೇರೆ ವೈರ್ ಎಳೀಲೇಬೇಕು.

ಹೀಟ್ ಮೀಟರ್ ಸರಿ ತೋರಿಸ್ತಿದೆಯಾ ಅಂತ ಮನೆಯಲ್ಲೇ ನೋಡ್ಬಹುದು. ಸೆಂಡರ್ ಬಿಚ್ಚಿ, ವೈರ್ ಹಾಗೇ ಇಟ್ಟು, ಅದರ ಬಾಡಿಗೆ ಬ್ಯಾಟರಿ ನೆಗೆಟಿವ್‌ನಿಂದ ಒಂದು ವೈರ್ ಕೊಟ್ಟು ತುದೀನ ಕುದಿಯೋ ನೀರಲ್ಲಿ ಅದ್ದಿ. ಆದ್ರೆ ಮಂಗಳೂರಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರ ಇರೋದ್ರಿಂದ ಅಲ್ಲಿ ಸುಮಾರು 97ಕ್ಕೇ ಕುದಿಯುತ್ತೆ. ಬೆಂಗಳೂರಲ್ಲಿ ಅದ್ದಿದಾಗ 97 ತೋರಿಸಿದ್ರೆ ಮೀಟರ್ ಸರಿ ಇದೆ, ಮೂರು ಡಿಗ್ರಿ ಕಮ್ಮಿ ತೋರಿಸ್ತು ಅಂತ ಅಂಗಡಿಯವರ ಹತ್ರ ಜಗಳಕ್ಕೆ ಹೋಗೋದು ಬೇಡ.

ಇದೇ ಲೆಕ್ಕ ರೇಡಿಯೇಟರ್ ಕ್ಯಾಪಿಗೂ ಬರುತ್ತೆ. ಕ್ಯಾಪ್ ಸರಿ ಇದ್ರೆ ಒಳಗೆ ಸುಮಾರು 0.9ರಿಂದ 1.1 ಬಾರ್ ಪ್ರೆಶರ್ ನಿಲ್ಲುತ್ತೆ, ಆಗ ಬರೀ ನೀರೇ ಇದ್ರೂ 115, 120 ಡಿಗ್ರಿ ಹತ್ತಿರ ಹೋಗೋ ತನಕ ಕುದಿಯಲ್ಲ, ಕೂಲೆಂಟ್ ಅರ್ಧಕ್ಕರ್ಧ ಇದ್ರೆ ಇನ್ನೂ ಮೇಲೆ. ಅಂಥ ಗಾಡಿಯಲ್ಲಿ ಚಾರ್ಮಾಡಿ ಹತ್ತೋವಾಗ ಮುಳ್ಳು 102ಕ್ಕೆ ಹೋಗಿ ಮೇಲೆ ಬಯಲಿಗೆ ಬಂದ ಮೇಲೆ 90ಕ್ಕೆ ಇಳಿದ್ರೆ ಅದು ಆರೋಗ್ಯವಾಗೇ ಇದೆ. ಅದೇ ಕ್ಯಾಪಿನ ರಬ್ಬರ್ ವಾಷರ್ ಒಣಗಿ ಸೀಳಿದ್ರೆ, ಬೆಂಗಳೂರಿನ ಟ್ರಾಫಿಕ್ಕಲ್ಲಿ ನಿಂತಾಗ ಬರೀ ನೀರು ತುಂಬಿದ ಗಾಡಿ 97ಕ್ಕೇ ಕುದ್ದು ಚೆಲ್ಲುತ್ತೆ, ಫ್ಯಾನ್ ಆನ್ ಆಗೋದಕ್ಕೂ ಮುಂಚೆ ಚೆಲ್ಲಿದ್ರೂ ಚೆಲ್ಲಬಹುದು, ಮೀಟರ್ ನೋಡೋರಿಗೆ ನೂರೂ ದಾಟಿಲ್ಲವಲ್ಲ ಅನ್ಸುತ್ತೆ.

ಹೀಟ್ ಮುಳ್ಳಿನ ನಡವಳಿಕೆ ಒಂದು ವಾರ ಗಮನವಿಟ್ಟು ನೋಡಿದ್ರೆ ಗೊತ್ತಾಗಿಬಿಡುತ್ತೆ. ಬಿಸಿನೀರನ್ನ ರೇಡಿಯೇಟರಿಗೆ ಬಿಡೋ ವಾಲ್ವ್, ಅಂದ್ರೆ ಥರ್ಮೋಸ್ಟಾಟ್, ಸಾಮಾನ್ಯವಾಗಿ 82 ಅಥವಾ 88 ಡಿಗ್ರಿಗೆ ತೆರೆಯೋಕೆ ಶುರು ಮಾಡುತ್ತೆ, ಹೈವೇನಲ್ಲಿ ಮುಳ್ಳು ಅದರ ಆಸುಪಾಸಿನಲ್ಲಿ ನಿಂತಿರುತ್ತೆ. ಸಿಟಿಯಲ್ಲಿ ನಿಂತಾಗ 95, 100ರ ತನಕ ನಿಧಾನಕ್ಕೆ ಏರಿ, ಫ್ಯಾನ್ ಓಡಿ, ಮತ್ತೆ ಇಳಿದು, ಮತ್ತೆ ಏರುತ್ತೆ, ಇದಕ್ಕೆ ಗಾಬರಿ ಬೇಡ. ಗಾಡಿ ಆಫ್ ಮಾಡಿ ಐದು ನಿಮಿಷ ಬಿಟ್ಟು ಕೀ ಹಾಕಿದಾಗ ಮುಳ್ಳು ಮುಂಚೆಗಿಂತ ಮೇಲಿದ್ರೂ ಗಾಬರಿ ಬೇಡ, ನೀರು ಓಡಾಡೋದು ನಿಂತಿರುತ್ತೆ, ಹೆಡ್ಡಿನ ಬಿಸಿ ನೀರಿಗೆ ಇಳಿದಿರುತ್ತೆ. ನಿಂತಾಗ ಮಾತ್ರ ಹೀಟ್ ಆಗಿ ಓಡೋವಾಗ ಸರಿ ಇದ್ರೆ ಫ್ಯಾನ್ ಕಡೆ ನೋಡಿ. ಅದೇ ನಿಂತಾಗ ಸರಿ ಇದ್ದು ಹೈವೇ ಸ್ಪೀಡಲ್ಲಿ, ಏರು ದಾರಿಯಲ್ಲಿ ಮಾತ್ರ ಏರ್ತಾ ಹೋದ್ರೆ ರೇಡಿಯೇಟರ್ ಕಟ್ಟಿದೆಯೋ, ನೀರು ಕಮ್ಮಿ ಇದೆಯೋ, ವಾಟರ್ ಪಂಪ್ ಸವೆದಿದೆಯೋ, ಹೆಡ್ ಗ್ಯಾಸ್ಕೆಟ್ ಬಿಡ್ತಿದೆಯೋ ನೋಡಿಸ್ಬೇಕು. ಇನ್ನು ಎಷ್ಟು ಓಡಿಸಿದ್ರೂ 65, 70 ದಾಟದಿದ್ರೆ ಖುಷಿಪಡೋ ವಿಷಯ ಅಲ್ಲ ಅದು, ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಅಥವಾ ಯಾರೋ ಕಿತ್ತು ಬಿಸಾಕಿದಾರೆ. ನಮ್ಮ ಕಡೆ ಗ್ಯಾರೇಜುಗಳಲ್ಲಿ "ವಾಲ್ವ್ ತೆಗೆದುಬಿಟ್ರೆ ಹೀಟೇ ಆಗಲ್ಲ" ಅಂತ ತೆಗೆಯೋದು ಒಂದು ಅಭ್ಯಾಸ. ಇಂಜಿನ್ ತಣ್ಣಗೇ ಓಡಿದ್ರೆ ಡೀಸೆಲ್ ಜಾಸ್ತಿ ಕುಡಿಯುತ್ತೆ, ಸವೆತ ಜಾಸ್ತಿ, ಆಯಿಲ್ಲಿನಲ್ಲಿ ಕೆಸರು ಕಟ್ಟುತ್ತೆ. ಅಲ್ಲದೆ ಕೆಲವು ಇಂಜಿನ್‌ಗಳಲ್ಲಿ ಅದೇ ವಾಲ್ವು ಬೈಪಾಸ್ ದಾರಿಯನ್ನೂ ಮುಚ್ಚಬೇಕು, ಅದನ್ನ ತೆಗೆದ್ರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತಿ ಘಾಟಿಯಲ್ಲಿ ಇನ್ನೂ ಜಾಸ್ತಿ ಹೀಟ್ ಆಗುತ್ತೆ.

ಈಗ ಹೇಳೋದನ್ನ ದಯವಿಟ್ಟು ಎಲ್ಲರೂ ನೆನಪಿಟ್ಕೊಳ್ಳಿ. ಘಾಟಿ ಹತ್ತೋವಾಗ ಮುಳ್ಳು 100, 105, 110 ಅಂತ ಏರ್ತಾ ಇದ್ದದ್ದು ಇದ್ದಕ್ಕಿದ್ದ ಹಾಗೆ 70ಕ್ಕೋ 60ಕ್ಕೋ ಬಿತ್ತು ಅಂದ್ರೆ "ಅಬ್ಬ, ಇಳೀತು" ಅಂತ ಮುಂದೆ ಹೋಗ್ಬೇಡಿ, ಅಲ್ಲೇ ನಿಲ್ಸಿ. ಹೀಟ್ ಸೆಂಡರ್ ಅಳೆಯೋದು ತನ್ನ ತುದಿಗೆ ತಾಗಿರೋ ನೀರಿನ ಬಿಸಿಯನ್ನ, ಇಂಜಿನ್ನಿನ ಬಿಸಿಯನ್ನಲ್ಲ. ಹೋಸ್ ಒಡೆದು ನೀರೆಲ್ಲ ಹೊರಗೆ ಹೋದ್ರೆ ಸೆಂಡರ್ ಗಾಳಿಯಲ್ಲಿ ನಿಂತಿರುತ್ತೆ, ಮುಳ್ಳು ಇಳಿಯುತ್ತೆ, ಹೆಡ್ಡು ಮಾತ್ರ ನೀರಿಲ್ಲದೆ ಸುಡ್ತಿರುತ್ತೆ. ಹೆಡ್ ಬಗ್ಗಿದ, ಪಿಸ್ಟನ್ ಹಿಡಿದ ಎಷ್ಟೋ ಗಾಡಿಗಳ ಡ್ರೈವರ್‌ಗಳು "ಮೀಟರ್ ನಾರ್ಮಲ್ಲೇ ಇತ್ತು ಸಾರ್" ಅಂತಾರಲ್ಲ, ಅವರು ಸುಳ್ಳು ಹೇಳ್ತಿರಲ್ಲ. ಸೆಂಡರನ್ನ ಹೆಡ್ಡಿಗೆ ಹತ್ತಿರ, ಥರ್ಮೋಸ್ಟಾಟಿಗಿಂತ ಒಳಗಡೆ ಹಾಕಿಸಿ ಅಂತ ನಾನು ಹೇಳೋದು ಇದಕ್ಕೇ. ರೇಡಿಯೇಟರ್‌ನಿಂದ ವಾಪಸ್ ಬರೋ ಕೆಳಗಿನ ಹೋಸಿನಲ್ಲಿ ಹಾಕೋದು ಸುಲಭ, ಆದ್ರೆ ಅಲ್ಲಿ ಸಿಗೋದು ತಣ್ಣಗಾದ ನೀರು.

ಆಯಿಲ್ ಪ್ರೆಶರಿಗೆ ಬರ್ತೀನಿ, ಇದರ ಬಗ್ಗೆ ತಪ್ಪು ತಿಳುವಳಿಕೆ ಜಾಸ್ತಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಳ್ಳು ಒಂದೆರಡು ಸೆಕೆಂಡಲ್ಲೇ ನಾಲ್ಕು, ಐದು ಬಾರಿಗೆ ಏರುತ್ತೆ, ಆಯಿಲ್ ಆಗ ಚಳಿಗಾಲದ ಜೋನಿಬೆಲ್ಲದ ಹಾಗೆ ದಪ್ಪಗಿರುತ್ತೆ, ಸಂದಿಯಲ್ಲಿ ಬೇಗ ನುಸುಳಲ್ಲ, ಅದಕ್ಕೇ ಪ್ರೆಶರ್ ಜಾಸ್ತಿ. ಬಿಸಿಯಾದ ಹಾಗೆ ಇಳಿಯುತ್ತೆ. ನೀರು 90ಕ್ಕೆ ಬಂದ ತಕ್ಷಣ ಆಯಿಲ್ಲೂ ಬಿಸಿಯಾಯ್ತು ಅಂದ್ಕೋಬೇಡಿ, ಆಯಿಲ್ಲಿಗೆ ಇನ್ನೂ ಬಹಳ ಹೊತ್ತು ಬೇಕು, ಹಾಗಾಗಿ ನಿಜವಾದ ಪ್ರೆಶರ್ ನೋಡ್ಬೇಕಾದ್ದು ಕಮ್ಮಿ ಅಂದ್ರೂ ಅರ್ಧ ಗಂಟೆ ಓಡಿಸಿದ ಮೇಲೆ. ಹಳೇ ಮೆಕ್ಯಾನಿಕ್‌ಗಳ ಲೆಕ್ಕ ಒಂದಿದೆ, ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ, ಅಂದ್ರೆ ಸುಮಾರು 0.7 ಬಾರ್. ಮೂರು ಸಾವಿರದಲ್ಲಿ ಎರಡು ಬಾರ್ ಮೇಲಿದ್ರೆ ಸರಿ ಅಂತ ಅಂದಾಜು. ಇದು ಅಂದಾಜು ಮಾತ್ರ, ಗಾಡಿಯ ವರ್ಕ್‌ಶಾಪ್ ಪುಸ್ತಕದಲ್ಲಿ ಇರೋ ನಂಬರೇ ಪಕ್ಕಾ. ಬಿಸಿ ಇಂಜಿನ್ ಸ್ಲೋ ಸ್ಪೀಡಲ್ಲಿ ಒಂದು ಬಾರ್ ತೋರಿಸಿ, ರೇಸ್ ಕೊಟ್ಟಾಗ ಸಲೀಸಾಗಿ ಮೂರಕ್ಕೆ ಹೋದ್ರೆ ನಿದ್ದೆಗೆಡೋ ಕಾರಣ ಇಲ್ಲ.

ನಿದ್ದೆಗೆಡಬೇಕಾದ್ದು ಹೋದ ತಿಂಗಳು ಇದೇ ಬಿಸಿಗೆ, ಇದೇ ಆರ್‌ಪಿಎಂಗೆ ಮೂರು ಇದ್ದದ್ದು ಈ ತಿಂಗಳು ಎರಡೂಕಾಲು ಆದ್ರೆ. ತಿರುವಲ್ಲಿ, ಬ್ರೇಕ್ ಹಾಕಿದಾಗ ಮುಳ್ಳು ಪಟ್ಟನೆ ಬಿದ್ದು ಎದ್ರೆ ಇಂಜಿನ್ ತಳದ ಚೇಂಬರಿನಲ್ಲಿ ಆಯಿಲ್ ಕಮ್ಮಿ ಇದೆ, ಪಂಪಿನ ಬಾಯಿಗೆ ಗಾಳಿ ಸಿಗ್ತಿದೆ, ಕೂಡ್ಲೇ ಡಿಪ್‌ಸ್ಟಿಕ್ ಎಳೆದು ನೋಡಿ. ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಕಮ್ಮಿ ಆಗೋ ಬದಲು ಜಾಸ್ತಿ ಆಗಿದ್ದು, ಮೀಟರಲ್ಲಿ ಪ್ರೆಶರ್ ಇಳೀತಾ ಇದ್ರೆ ಡೀಸೆಲ್ಲೋ ನೀರೋ ಆಯಿಲ್ಲಿಗೆ ಸೇರಿದೆ ಅಂತ ಲೆಕ್ಕ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಅಂದ್ರೆ ಡಿಪಿಎಫ್‌ನಲ್ಲಿ ಕೂತ ಮಸಿ ಸುಡೋಕೆ ಹೆಚ್ಚುವರಿ ಡೀಸೆಲ್ ಹೋಗುತ್ತಲ್ಲ, ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸೋರಿಗೆ ಅದು ಪೂರ್ತಿ ಸುಡದೆ ಸ್ವಲ್ಪ ಸ್ವಲ್ಪ ಕೆಳಗಿಳಿದು ಆಯಿಲ್ ತೆಳ್ಳಗಾಗುತ್ತೆ, ಅಂಥವರಿಗೆ ಈ ಮೀಟರ್ ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ.

ಪ್ರೆಶರ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದೂ ತಪ್ಪು. ಪ್ರೆಶರ್ ಅಂದ್ರೆ ಆಯಿಲ್ಲಿನ ದಾರಿಗೆ ಇರೋ ತಡೆ, ಎಷ್ಟು ಆಯಿಲ್ ಹರೀತಿದೆ ಅಂತ ಅಲ್ಲ. ಸೆಂಡರ್ ಆದಮೇಲಿನ ದಾರಿ ಕಟ್ಟಿಕೊಂಡಿದ್ರೂ ಮುಳ್ಳು ಮೇಲೇ ಇರುತ್ತೆ, ಕಟ್ಟಿದ ಜಾಗದ ಆಚೆಗೆ ಆಯಿಲ್ ಮಾತ್ರ ಹೋಗ್ತಿರಲ್ಲ. ಸವೆದ ಇಂಜಿನ್ನಿಗೆ 15ಡಬ್ಲ್ಯೂ-40 ಆಯಿಲ್ ಬದಲು ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ-50 ಹಾಕಿ ಮುಳ್ಳು ಮೇಲೆ ತಂದು "ಸರಿ ಮಾಡಿದೀನಿ" ಅಂತ ಗಾಡಿ ಮಾರೋರಿದಾರೆ. ಹಳೇ ಗಾಡಿ ತಗೊಳ್ಳೋರು ಒಂದು ಕೆಲಸ ಮಾಡಿ, ಯಾವ ಆಯಿಲ್ ಹಾಕಿದೀರಿ ಅಂತ ಕೇಳಿ, ಚೆನ್ನಾಗಿ ಬಿಸಿಯಾಗೋ ತನಕ ಓಡಿಸಿ, ಆಮೇಲೆ ಮೀಟರ್ ನೋಡಿ.

ಫಿಟ್ಟಿಂಗ್ ಬಗ್ಗೆ ಒಂದು ಎಚ್ಚರಿಕೆ. ಕಂಪನಿ ದೀಪದ ಸ್ವಿಚ್ ಕಿತ್ತು ಅದರ ಜಾಗಕ್ಕೆ ಸೆಂಡರ್ ಹಾಕ್ಬೇಡಿ, ಟಿ, ಅಂದ್ರೆ ಮೂರು ಬಾಯಿಯ ಜಾಯಿಂಟ್ ಹಾಕಿ ಎರಡೂ ಇಟ್ಕೊಳ್ಳಿ. ಆದ್ರೆ ಆ ದಪ್ಪ ಸೆಂಡರನ್ನ ಹಿತ್ತಾಳೆ ಟಿ ಮೇಲೆ ನೇತುಹಾಕಿದ್ರೆ ಡೀಸೆಲ್ ಇಂಜಿನ್ನಿನ ನಡುಕಕ್ಕೆ ಟಿ ಕತ್ತರಿಸಿ ಹೋಗುತ್ತೆ, ಚೇಂಬರಿನ ಆಯಿಲ್ಲೆಲ್ಲ ರಸ್ತೆಗೆ ಸುರಿಯೋಕೆ ಜಾಸ್ತಿ ಹೊತ್ತು ಬೇಡ. ಪ್ರೆಶರ್ ತಡೆಯೋ ಸಣ್ಣ ಹೋಸ್ ಹಾಕಿ ಸೆಂಡರನ್ನ ಬಾಡಿಗೆ ಕ್ಲಾಂಪ್ ಮಾಡಿಸಿ, ಅರ್ಥ್ ವೈರ್ ಕೊಡಿಸಿ. ಬಿಸಿ ಆಯಿಲ್ಲನ್ನೇ ಪೈಪಿನಲ್ಲಿ ಡ್ಯಾಶ್‌ಬೋರ್ಡ್ ತನಕ ತರೋ ಮೆಕ್ಯಾನಿಕಲ್ ಮೀಟರ್ ಚೆಕ್ ಮಾಡೋಕೆ ಬಹಳ ಒಳ್ಳೇದು, ಕಾಯಂ ಹಾಕೋದಾದ್ರೆ ಪ್ಲಾಸ್ಟಿಕ್ ಪೈಪ್ ಬೇಡ, ಕಾಲ ಮೇಲೆ ಸುರಿದ್ರೆ ಸುಟ್ಟಗಾಯ ಆಗುತ್ತೆ.

ದಾರಿಯಲ್ಲಿ ಏನು ಮಾಡ್ಬೇಕು ಅಂದ್ರೆ, ಎರಡು ಮೀಟರಿಗೂ ಒಂದೇ ಔಷಧ ಅಲ್ಲ. ಹೀಟ್ ಮುಳ್ಳು ನಿಮ್ಮ ಗಾಡಿಯ ಮಾಮೂಲಿಗಿಂತ ಹದಿನೈದು ಡಿಗ್ರಿ ಮೇಲೆ ಹೋದ್ರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಹಾಕಿ, ಜಾಗ ನೋಡಿ ಪಕ್ಕಕ್ಕೆ ತಗೊಳ್ಳಿ, ಸ್ವಲ್ಪ ಹೊತ್ತು ಇರುತ್ತೆ ಕೈಯಲ್ಲಿ. ಹಬೆ ಬರ್ತಿದ್ರೆ, ನೀರು ಸುರೀತಿದ್ರೆ ಇಂಜಿನ್ ಆಫ್, ಕ್ಯಾಪ್ ಮುಟ್ಟಬೇಡಿ, ಪೂರ್ತಿ ತಣ್ಣಗಾಗೋ ತನಕ ತಣ್ಣೀರು ಹಾಕ್ಬೇಡಿ. ಆಯಿಲ್ ಮುಳ್ಳು ಓಡೋವಾಗ ಸೊನ್ನೆಗೆ ಬಿದ್ರೆ ಯೋಚನೆ ಮಾಡೋಕೆ ಟೈಮಿಲ್ಲ, ಕ್ಲಚ್ ಒತ್ತಿ ಇಂಜಿನ್ ಆಫ್ ಮಾಡಿ, ಆದ್ರೆ ಕೀ ಪೂರ್ತಿ ತಿರುಗಿಸಿ ಕೀಳಬೇಡಿ, ಸ್ಟೀರಿಂಗ್ ಲಾಕ್ ಆಗುತ್ತೆ, ಇಂಜಿನ್ ಆಫ್ ಆದ ಮೇಲೆ ಸ್ಟೀರಿಂಗು ಬ್ರೇಕು ಎರಡೂ ಗಟ್ಟಿಯಾಗುತ್ತೆ, ಜೋರಾಗಿ ತಿರುಗಿಸಿ, ಒತ್ತಿ ಪಕ್ಕಕ್ಕೆ ತನ್ನಿ. ಮೀಟರ್ ಕೆಟ್ಟಿದೆಯೋ ಇಂಜಿನ್ ಕೆಟ್ಟಿದೆಯೋ ಅಂತ ನಿಂತ ಮೇಲೆ ನೋಡಿದ್ರಾಯ್ತು.

ಮೀಟರ್ ಮಾರೋ ಅಂಗಡಿಯವರಲ್ಲಿ, ಹಾಕೋ ಎಲೆಕ್ಟ್ರಿಷಿಯನ್‌ಗಳಲ್ಲಿ ನನ್ನ ಕೋರಿಕೆ ಇಷ್ಟೇ. ಸೆಂಡರ್ ಎಷ್ಟು ಬಾರಿನದ್ದು, ಎಷ್ಟು ಓಮಿನದ್ದು ಅಂತ ಬಿಲ್ಲಿನ ಮೇಲೆ ಬರೆದುಕೊಡಿ, ಗಿರಾಕಿಗೆ ಕೀ ಆನ್ ಮಾಡಿ ಸೊನ್ನೆ ತೋರಿಸಿ ಗಾಡಿ ಬಿಡಿ. ಗ್ಯಾರೇಜಿನವರು ಮೀಟರ್ ನೋಡಿ ಇಂಜಿನ್ ಇಳಿಸೋ ಮುಂಚೆ ಬೇರೆ ಗೇಜ್ ಸಿಕ್ಕಿಸಿ ಗಿರಾಕಿ ಎದುರಿಗೇ ಒಂದ್ಸಲ ಓದಿ, ಅದು ಅರ್ಧ ಗಂಟೆ ಕೆಲಸ. ಸಂಪಾದಕರೇ, ವಾಹನ ಪುಟದಲ್ಲಿ ತಿಂಗಳಿಗೆ ಒಂದು ಸಲ ಹಳೇ ಗಾಡಿಗಳಿಗೆ ಜಾಗ ಕೊಡಿ, ಮೊದಲನೇದಾಗಿ ಈ ವಿಷಯವನ್ನ ಅನುಭವಸ್ಥ ಮೇಸ್ತ್ರಿಗಳ ಹತ್ರ ಕೇಳಿ ಫೋಟೋ ಸಮೇತ ಹಾಕಿ. ಅದೂ ಬೇಸಿಗೆ ಶುರುವಾಗೋ ಮುಂಚೆ ಹಾಕಿದ್ರೆ ಘಾಟಿ ಕಡೆ ಹೊರಡೋರಿಗೆ ಅನುಕೂಲ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ ಜಿಲ್ಲೆ